ಕಣ್ಣು ಕೊಟ್ಟ ಯೋಧರನ್ನೂ ನೆನೆಯೋಣ

ಮಾನ್ಯರೇ,

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ನಾವು ಹುತಾತ್ಮರನ್ನು ನೆನೆಯುತ್ತೇವೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡು, ಬದುಕನ್ನು ಮೊದಲಿನಿಂದ ಕಟ್ಟಿಕೊಂಡವರ ಮಾತೇ ಬರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಹೋದ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನ್‌ನಲ್ಲಿ ಸೇಂಟ್ ಡನ್‌ಸ್ಟನ್ಸ್ ಕೇಂದ್ರ ಶುರುವಾಯಿತು. ಅದರ ಹೊಣೆ ಹೊತ್ತ ನ್ಯೂಜಿಲೆಂಡಿನ ಕ್ಲೂತಾ ಮೆಕೆಂಜಿ, ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಟರ್ಕಿಯ ಗಲಿಪೊಲಿಯ ರಣರಂಗದಲ್ಲಿ ತಾವೇ ಕುರುಡಾದವರು! ಕತ್ತಲೆ ಏನೆಂದು ಬಲ್ಲವರೇ ದಾರಿ ತೋರಿದರು. ಬೆರಳ ತುದಿಗೆ ಬ್ರೈಲ್, ಕೈಗೊಂದು ಕಸುಬು. ಅನುಕಂಪವಲ್ಲ, ದುಡಿದು ತಿನ್ನುವ ಧೈರ್ಯ ಅಲ್ಲಿ ಸಿಕ್ಕಿತು. ಡೆಹ್ರಾಡೂನ್‌ನ ಇಂದಿನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗಜನ ಸಬಲೀಕರಣ ಸಂಸ್ಥೆಗೆ ಬೇರು ಅದೇ.

ತುಮಕೂರು ಜಿಲ್ಲೆಯ ಶಾಲೆಗಳಲ್ಲಿ ಈ ಬಾರಿ ಧ್ವಜ ದಿನದಂದು ಮಕ್ಕಳಿಗೆ ಈ ಕಥೆ ಹೇಳಿಸಲಿ. ಊರಿನ ಮಾಜಿ ಸೈನಿಕರನ್ನೂ ಕರೆಯಲಿ.

– ನಿವೃತ್ತ ಶಿಕ್ಷಕ, ತಿಪಟೂರು