ಸುಂಟರಗಾಳಿ ನೋಡಲು ಹೊರಟಿರುವ ಪುಟ್ಟನಿಗೆ

ಮ್ಯಾಡಿಸನ್, ಅಲಬಾಮಾ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ಫ್ಯಾಮಿಲಿ ಗ್ರೂಪಿನಲ್ಲಿ ನೀನು ಹಾಕಿದ ರಾಡಾರ್ ಚಿತ್ರ ನೋಡಿದೆ. "ಸಖತ್ ಡೆಬ್ರಿ ಬಾಲ್!" ಅಂತ ಬರೆದು ಪಕ್ಕದಲ್ಲಿ ಬೆಂಕಿಯ ಎಮೋಜಿ ಬೇರೆ ಹಾಕಿದ್ದೀಯ. ತಿಪಟೂರಿನಲ್ಲಿ ಕೂತ ನಿಮ್ಮಮ್ಮ ಏನೂ ಅರ್ಥವಾಗದೆ ಅದಕ್ಕೊಂದು ಹಾರ್ಟ್ ಒತ್ತಿದಳು. ಮೇ ತಿಂಗಳಲ್ಲಿ ಗೆಳೆಯರ ಜೊತೆ ಬಾಡಿಗೆ ಕಾರಿನಲ್ಲಿ ಸುಂಟರಗಾಳಿ ಬೆನ್ನಟ್ಟಲು ಹೋಗುತ್ತೀಯ ಅಂತ ಗೊತ್ತಾದ ಮೇಲೆ ಮಾತ್ರ ನನಗೆ ಫೋನ್ ಮಾಡಿದಳು. "ಅಕ್ಕಾ, ನೀನಾದ್ರೂ ಬೇಡ ಅಂತ ಹೇಳು" ಅಂದಳು.

ನಾನು ಬೇಡ ಅನ್ನುವುದಿಲ್ಲ. ಮೋಡದ ಹುಚ್ಚು ನಮ್ಮ ಮನೆತನದ್ದೇ. ನಮ್ಮಪ್ಪ, ಅಂದರೆ ನಿಮ್ಮಜ್ಜ, ಪಂಚಾಂಗ ಹಿಡಿದು ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಒಂದೊಂದು ಮಳೆಯನ್ನೂ ಹೆಸರಿಟ್ಟು ಕಾಯುತ್ತಿದ್ದರು. ಸಿಡಿಲು ಬಡಿಯುವಾಗಲೂ ಒಳಗೆ ಬರುತ್ತಿರಲಿಲ್ಲ. ಕಂಪ್ಯೂಟರ್ ಓದಲು ಓಕ್ಲಹೋಮಾದ ನಾರ್ಮನ್‌ಗೆ ಹೋದವನಿಗೆ ಈ ಗೀಳು ಹತ್ತಿದ್ದು ನನಗೇನೂ ಆಶ್ಚರ್ಯವಲ್ಲ. ದೇಶಕ್ಕೆಲ್ಲ ಬಿರುಗಾಳಿಯ ಮುನ್ಸೂಚನೆ ಕೊಡುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಇರುವುದೇ ನಿನ್ನ ಊರಲ್ಲಿ. ಆದರೆ ಆ ಚಿತ್ರದ ಬಗ್ಗೆ ಸ್ವಲ್ಪ ಮಾತಾಡಬೇಕು.

ನೀನು ಡೆಬ್ರಿ ಬಾಲ್ ಅಂದ ಆ ಉಂಡೆ ಮಳೆಯಲ್ಲ, ಆಲಿಕಲ್ಲೂ ಅಲ್ಲ. ಅದು ಚಾವಣಿಯ ಹಲಗೆ, ಗೋಡೆಯೊಳಗಿನ ಹತ್ತಿ, ಮುರಿದ ಕೊಂಬೆ. 2011ರಿಂದ 2013ರೊಳಗೆ ಇಲ್ಲಿಯ ರಾಡಾರ್‌ಗಳನ್ನೆಲ್ಲ ಡ್ಯುಯಲ್ ಪೋಲರೈಸೇಶನ್‌ಗೆ ಬದಲಾಯಿಸಿದರು. ಅವು ಅಡ್ಡ, ಉದ್ದ ಎರಡೂ ಬಗೆಯ ಅಲೆ ಕಳಿಸುತ್ತವೆ. ಮಳೆಹನಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಆಕಾರ. ಹಾಗಾಗಿ ಎರಡು ಅಲೆಗೂ ಬರುವ ಉತ್ತರ ಒಂದಕ್ಕೊಂದು ಹೊಂದುತ್ತದೆ. ಮನೆಯ ಚೂರುಗಳಿಗೆ ಒಂದು ಆಕಾರ ಅಂತ ಇಲ್ಲ, ಅಲ್ಲಿ ಹೊಂದಾಣಿಕೆ ದಢಕ್ಕನೆ ಬೀಳುತ್ತದೆ. ಕತ್ತಲಲ್ಲಿ, ಮಳೆಯ ಪರದೆಯ ಹಿಂದೆ ಗಾಳಿ ಅಡಗಿದ್ದಾಗ ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ಅದನ್ನು ಓದಲು ಚೆನ್ನಾಗಿ ಕಲಿ. ಅದು ಕಂಡ ಹೊತ್ತಿನಲ್ಲಿ ಯಾರದೋ ಅಡುಗೆಮನೆ ಆಕಾಶದಲ್ಲಿದೆ ಅನ್ನುವುದೂ ತಲೆಯಲ್ಲಿರಲಿ. ಬೆಂಕಿ ಎಮೋಜಿ ಮಾತ್ರ ಇನ್ನು ಬೇಡ ಮರಿ.

2011ರ ಏಪ್ರಿಲ್ 27ರಂದು ನಾವು ಇಲ್ಲೇ ಇದ್ದೆವು. ಊರಲ್ಲಿ ಭರಣಿ ಮಳೆ ಶುರುವಾಗುವ ಹೊತ್ತದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ ನಮ್ಮ ಕಡೆ. ಇಲ್ಲಿ ಆ ಒಂದೇ ದಿನ ಇನ್ನೂರಕ್ಕೂ ಜಾಸ್ತಿ ಸುಂಟರಗಾಳಿ ಎದ್ದವು. 25ರಿಂದ 28ರವರೆಗಿನ ಲೆಕ್ಕ 360. 27ರಂದು ಅಲಬಾಮಾ ಒಂದರಲ್ಲೇ 62. ಸತ್ತವರು ಮುನ್ನೂರಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜನ ನಮ್ಮ ರಾಜ್ಯದವರು. ಹ್ಯಾಕಲ್‌ಬರ್ಗ್, ಫಿಲ್ ಕ್ಯಾಂಬೆಲ್ ಊರುಗಳನ್ನು ಒರೆಸಿ ಹಾಕಿದ ಗಾಳಿ 72 ಜನರನ್ನು ಕೊಂದು, 132 ಮೈಲಿ ನಡೆದು, ನಮ್ಮ ಪಕ್ಕದ ಹಾರ್ವೆಸ್ಟ್ ದಾಟಿ ಟೆನೆಸಿಗೆ ಹೋಯಿತು. ಹಾರ್ವೆಸ್ಟ್‌ನ ಆಂಡರ್ಸನ್ ಹಿಲ್ಸ್ ಬಡಾವಣೆಗೆ 1995ರಲ್ಲೂ ಹೀಗೇ ಬಡಿದಿತ್ತು. ಮನೆ ಕಟ್ಟಿಕೊಂಡವರು ಮತ್ತೆ ಕಟ್ಟಬೇಕಾಯಿತು.

ನೀನು ಯೋಚಿಸಬೇಕಾದ್ದು ಇದರ ಮುಂದಿನದು. ಅವತ್ತು ಮುನ್ಸೂಚನೆ ತಪ್ಪಿರಲಿಲ್ಲ. ದಿನಗಳ ಮೊದಲೇ ಹೇಳಿದ್ದರು. ಗಾಳಿ ಬಡಿಯುವುದಕ್ಕೆ ಸರಾಸರಿ ಇಪ್ಪತ್ತು ನಿಮಿಷಕ್ಕೂ ಮುಂಚೆ ಎಚ್ಚರಿಕೆ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮ್‌ನ ಟಿವಿಯಲ್ಲಿ ಹವಾಮಾನ ಹೇಳುವ ಜೇಮ್ಸ್ ಸ್ಪ್ಯಾನ್ ಬೆಳಗಿನಿಂದ ಮಾತಾಡುತ್ತಿದ್ದರು. ಅವರು ಕೋಟು ಬಿಚ್ಚಿ ಸಸ್ಪೆಂಡರ್ ಕಾಣಿಸಿದರೆ ಪರಿಸ್ಥಿತಿ ಕೆಟ್ಟಿದೆ ಅಂತ ಇಲ್ಲಿಯವರ ಲೆಕ್ಕ. ಟಸ್ಕಲೂಸಾಗೆ ನುಗ್ಗಿದ ಗಾಳಿ ಕ್ಯಾಮೆರಾದಲ್ಲಿ ನೇರವಾಗಿ ಕಾಣುತ್ತಿತ್ತು. ಆದರೂ ಆ ಒಂದು ಗಾಳಿಗೆ 64 ಜನ ಹೋದರು.

ಯಾಕೆ? ಬೆಳಗಿನ ಜಾವವೇ ಬಿರುಗಾಳಿಯ ಒಂದು ಸಾಲು ಬಂದು ಕರೆಂಟ್ ಕಿತ್ತುಹಾಕಿತ್ತು. ಕೆಲವು ಕಡೆ ಹವಾಮಾನದ ಎಚ್ಚರಿಕೆ ಕೊಡುವ ವೆದರ್ ರೇಡಿಯೋದ ಟ್ರಾನ್ಸ್‌ಮಿಟರ್‌ಗಳೂ ಸತ್ತಿದ್ದವು. ಮಧ್ಯಾಹ್ನ ನಿಜವಾದ ಮಾರಿ ಬಂದಾಗ ಎಷ್ಟೋ ಮನೆಗಳಲ್ಲಿ ಟಿವಿಯೂ ಇಲ್ಲ, ಫೋನೂ ಇಲ್ಲ. ಬೆಳಿಗ್ಗೆ ಬಂದು ಹೋಯಿತಲ್ಲ, ಮುಗೀತು ಅಂತ ಸುಮ್ಮನಾದವರೂ ಇದ್ದರು. ಅಡಿಪಾಯಕ್ಕೆ ಸರಿಯಾಗಿ ಬಿಗಿಯದ ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಗಾಡಿಯಲ್ಲಿ ತಂದು ಇಳಿಸುವ ಹಗುರ ಮನೆಗಳಲ್ಲಿ, ಇದ್ದವರಿಗೆ ಓಡಲು ಜಾಗವೇ ಇರಲಿಲ್ಲ. ಸೈರನ್ ಕೇಳಲಿ ಆಮೇಲೆ ನೋಡೋಣ ಅಂತ ಕಾದವರು ಇನ್ನೊಂದಿಷ್ಟು. ಸೈರನ್ ಇರುವುದು ಹೊರಗೆ ಬಯಲಲ್ಲಿ ಇರುವವರಿಗೆ. ಕಿಟಕಿ ಹಾಕಿ ಎಸಿ ಓಡಿಸಿಕೊಂಡು ಮಲಗಿದವರಿಗೆ ಅದು ಕೇಳಿಸುವುದಿಲ್ಲ. ಸ್ಪ್ಯಾನ್ ಅವತ್ತಿನಿಂದ ಸೈರನ್ ನಂಬಬೇಡಿ, ತಲೆಗೆ ಹೆಲ್ಮೆಟ್ ಹಾಕಿಕೊಳ್ಳಿ ಅಂತ ಹೇಳಿ ಹೇಳಿ ಸುಸ್ತಾಗಿದ್ದಾರೆ. ಗಾಳಿಯ ವಿಜ್ಞಾನ ಒಂದು ಕಡೆ, ಮನುಷ್ಯರ ನಡೆ ಇನ್ನೊಂದು ಕಡೆ. ನಿಮ್ಮ ಗೆಳೆಯರ ಮಾತಿನಲ್ಲಿ ಎರಡನೆಯದು ತುಂಬಾ ಕಮ್ಮಿ ಅಂತ ನನಗನ್ನಿಸುತ್ತದೆ.

ನಮಗೆ ಅವತ್ತು ಏನೂ ಆಗಲಿಲ್ಲ. ಮೆಟ್ಟಿಲ ಕೆಳಗಿನ ಕ್ಲಾಸೆಟ್‌ನಲ್ಲಿ ಕೂತಿದ್ದೆವು, ಅಷ್ಟೇ. ಆದರೆ ಬ್ರೌನ್ಸ್ ಫೆರಿ ಅಣುಸ್ಥಾವರದಿಂದ ಬರುವ ದೊಡ್ಡ ತಂತಿಗಳೆಲ್ಲ ಬಿದ್ದು ಅದರ ಮೂರೂ ರಿಯಾಕ್ಟರ್‌ಗಳು ನಿಂತವು. ಹಂಟ್ಸ್‌ವಿಲ್ ಸುತ್ತಮುತ್ತ ದಿನಗಟ್ಟಲೆ ಕತ್ತಲು. ಎಟಿಎಂ ಇಲ್ಲ, ಪೆಟ್ರೋಲ್ ಪಂಪ್ ಇಲ್ಲ, ರಾತ್ರಿ ಕರ್ಫ್ಯೂ. ಗ್ಯಾಸ್ ಒಲೆ ಇದ್ದ ಒಂದು ಮನೆಗೆ ಕನ್ನಡದವರೆಲ್ಲ ಫ್ರಿಜ್ಜಿನ ದೋಸೆ ಹಿಟ್ಟು ಹೊತ್ತುಕೊಂಡು ಹೋದೆವು. ಹುಳಿ ಹೆಚ್ಚಾದ ದೋಸೆ ತಿನ್ನುತ್ತಾ ಯಾರು ಸಿಕ್ಕರು, ಯಾರ ಸುದ್ದಿ ಇನ್ನೂ ಇಲ್ಲ ಅಂತ ಮಾತು.

ನಿಮ್ಮಮ್ಮ ಕೇಳಿದಳು, ಅಲ್ಲಿ ಮಾತ್ರ ಯಾಕೆ ಹೀಗೆ ಅಂತ. ದಕ್ಷಿಣದ ಕೊಲ್ಲಿಯಿಂದ ಒದ್ದೆ ಗಾಳಿ, ಪಶ್ಚಿಮದ ಒಣ ನೆಲದಿಂದ ಬಿಸಿ ಗಾಳಿ, ಮೇಲೆ ಎತ್ತರದಲ್ಲಿ ಜೋರಾಗಿ ಹರಿಯುವ ಜೆಟ್ ಸ್ಟ್ರೀಮ್ ಗಾಳಿ, ವಸಂತದಲ್ಲಿ ಈ ಮೂರೂ ಒಂದೇ ಕಡೆ ಸೇರುತ್ತವೆ ಅಂದೆ. ಒಣ ಬಿಸಿ ಗಾಳಿ ಕುದಿಯುವ ಪಾತ್ರೆಗೆ ಮುಚ್ಚಳದ ಹಾಗೆ ಕೂತಿರುತ್ತದೆ, ಅದು ಹಾರಿದಾಗ ಮೋಡ ಒಂದೇ ಸಮನೆ ಮೇಲೇಳುತ್ತದೆ ಅಂದೆ. ಅವಳಿಗೆ ಅರ್ಥವಾಯಿತು. ಇಲ್ಲಿ ಮಾತ್ರ ಅನ್ನುವುದೂ ಸರಿಯಲ್ಲ. ಇಲ್ಲಿಯವರೆಗೆ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಬಾಂಗ್ಲಾದೇಶದ್ದು. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಜಿಲ್ಲೆಯಲ್ಲಿ ಸುಮಾರು 1,300 ಜನ ಸತ್ತರು. ಅದಕ್ಕೆ ರಾಡಾರ್ ಚಿತ್ರ ಇಲ್ಲ, ವಿಡಿಯೋ ಇಲ್ಲ. ನಿಮ್ಮ ಹುಡುಗರು ಅದರ ಬಗ್ಗೆ ಮಾತಾಡುವುದನ್ನು ನಾನು ಕೇಳಿಲ್ಲ.

ಈಗ ನಿನ್ನ ಮೇ ತಿಂಗಳ ಯೋಜನೆಗೆ ಬರೋಣ.

ಎಲ್ ರೀನೋ ನಿನ್ನ ಮನೆಯಿಂದ ಒಂದು ಗಂಟೆಯ ದಾರಿ. 2013ರ ಮೇ 31ರಂದು ಅಲ್ಲಿ ಎದ್ದ ಗಾಳಿಯ ಅಗಲ 2.6 ಮೈಲಿ. ದಾಖಲೆಯಲ್ಲಿ ಅದಕ್ಕಿಂತ ಅಗಲವಾದದ್ದು ಇಲ್ಲ. ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದಕ್ಕೆ ಸಿಕ್ಕಿ ಸತ್ತರು. ಟಿಮ್ ಅಂದರೆ ಸುಮ್ನೆ ವಿಡಿಯೋ ಮಾಡಲು ಹೋದವರಲ್ಲ. ಸುಂಟರಗಾಳಿ ಬರುವ ದಾರಿಯಲ್ಲಿ ಉಪಕರಣ ಇಟ್ಟು ಬರುತ್ತಿದ್ದ ಎಂಜಿನಿಯರ್. 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಹತ್ತಿರ ಒತ್ತಡ 100 ಮಿಲಿಬಾರ್ ಕುಸಿದದ್ದನ್ನು ಅಳೆದವರು ಅವರೇ. ಎಲ್ಲರಿಗಿಂತ ಎಚ್ಚರದ ಮನುಷ್ಯ ಅಂತ ಹೆಸರು. ಎಲ್ ರೀನೋ ಗಾಳಿ ತಿರುಗಿ, ಉಬ್ಬಿ, ವೇಗ ಹೆಚ್ಚಿಸಿಕೊಂಡಾಗ ಆ ಅನುಭವ ಕೈ ಹಿಡಿಯಲಿಲ್ಲ. ಅವತ್ತು ಅಲ್ಲಿನ ರಸ್ತೆಗಳಲ್ಲಿ ಬೆನ್ನಟ್ಟುವವರ ಕಾರು, ಹೆದರಿ ಓಡುವವರ ಕಾರು ಎಲ್ಲ ಸೇರಿ ಜಾಮ್ ಆಗಿತ್ತು. ಇದನ್ನು ಮರೆಯಬೇಡ. ನಿನ್ನ ಕಾರು ಇನ್ನೊಬ್ಬರು ತಪ್ಪಿಸಿಕೊಳ್ಳುವ ದಾರಿಯಲ್ಲಿ ನಿಲ್ಲಬಾರದು.

ನನಗೆ ಗಾಳಿಗಿಂತ ಹೆಚ್ಚು ಭಯ ರಸ್ತೆಯದು. 2022ರ ಏಪ್ರಿಲ್ ಕೊನೆಯಲ್ಲಿ ನಿನ್ನ ವಿಶ್ವವಿದ್ಯಾಲಯದ್ದೇ ಮೂವರು ಹವಾಮಾನ ವಿದ್ಯಾರ್ಥಿಗಳು ಬಿರುಗಾಳಿ ನೋಡಿ ವಾಪಸ್ ಬರುತ್ತಿದ್ದರು. ರಾತ್ರಿ, ಮಳೆ, ಒದ್ದೆ ಹೈವೇ. ಕಾರು ಜಾರಿತು, ಲಾರಿ ಬಡಿಯಿತು. ಸುಂಟರಗಾಳಿ ಅವರನ್ನು ಮುಟ್ಟಿರಲೂ ಇಲ್ಲ. ನಿನ್ನ ವಯಸ್ಸಿನವರು. ಅವರ ತಾಯಂದಿರೂ ಗ್ರೂಪಿನಲ್ಲಿ ಹಾರ್ಟ್ ಒತ್ತಿದ್ದಿರಬಹುದು.

ಆದ್ದರಿಂದ ಕಾರು ಓಡಿಸುವವನು ಓಡಿಸಲಿ, ರಾಡಾರ್ ಇನ್ನೊಬ್ಬ ನೋಡಲಿ. ಕತ್ತಲಾಗುವ ಮೊದಲು ಬಿಟ್ಟುಬಿಡಿ, ಹತ್ತಿರದ ಊರಲ್ಲಿ ರೂಮ್ ಮಾಡಿ. ದುಡ್ಡಿನ ಚಿಂತೆಯಾದರೆ ನನ್ನನ್ನು ಕೇಳು, ಸಂಕೋಚ ಬೇಡ. ಮಳೆಯ ನಡುವೆ ನುಗ್ಗಬೇಡಿ. ದಕ್ಷಿಣಕ್ಕೋ ಪೂರ್ವಕ್ಕೋ ಒಂದು ದಾರಿ ಯಾವಾಗಲೂ ತೆರೆದಿರಲಿ. ಸೇತುವೆಯ ಕೆಳಗೆ ಮಾತ್ರ ಅಡಗಬೇಡಿ. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಹಾಗೆ ಅಡಗಿದವರಲ್ಲಿ ಮೂವರು ಸತ್ತರು, ಅಲ್ಲಿ ಗಾಳಿಯ ರಭಸ ಇನ್ನೂ ಜಾಸ್ತಿ. ನಿಮ್ಮ ಕಡೆಯ ಹವಾಮಾನ ಕಚೇರಿ ಸ್ಪಾಟರ್‌ಗಳಿಗೆ, ಅಂದರೆ ಬಿರುಗಾಳಿ ಕಂಡು ಸುದ್ದಿ ಕೊಡುವವರಿಗೆ, ಬಿಟ್ಟಿಯಾಗಿ ತರಬೇತಿ ಕೊಡುತ್ತದೆ, ಹೊರಡುವ ಮೊದಲು ಅದು ಮುಗಿದಿರಲಿ. ನಮ್ಮ ಕಡೆಗೆ ಬೆನ್ನಟ್ಟಲು ಬರಲೇಬೇಡ. ಇಲ್ಲಿ ಗುಡ್ಡ, ಕಾಡು, ಗಂಟೆಗೆ ಐವತ್ತು ಅರವತ್ತು ಮೈಲಿ ಓಡುವ ಮೋಡ. ಕಣ್ಣಿಗೆ ಕಾಣುವಷ್ಟರಲ್ಲಿ ತಲೆ ಮೇಲಿರುತ್ತದೆ. 1989ರ ನವೆಂಬರ್‌ನಲ್ಲಿ ಹಂಟ್ಸ್‌ವಿಲ್‌ನಲ್ಲಿ ಸತ್ತ 21 ಜನರಲ್ಲಿ ಹೆಚ್ಚಿನವರು ಸಂಜೆ ಕೆಲಸ ಮುಗಿಸಿ ಕಾರಿನಲ್ಲಿದ್ದವರು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಗಾಳಿ ಒಂದು ಊರಿಗೆ ಬಡಿದು ಹೋದ ಕೂಡಲೇ ಅಲ್ಲಿಗೆ ಮೊದಲು ತಲುಪುವವರು ನೀವೇ ಆಗಿರಬಹುದು. ಆಂಬುಲೆನ್ಸ್‌ಗಿಂತ ಮೊದಲು. ಆಗ ಕ್ಯಾಮೆರಾ ಕೆಳಗಿಡಬೇಕು. ರಕ್ತ ನಿಲ್ಲಿಸುವುದು ಹೇಗೆ ಅಂತ ಗೊತ್ತಿರಬೇಕು. ಕಾರಿನಲ್ಲಿ ಗಟ್ಟಿ ಬೂಟು, ದಪ್ಪ ಕೈಗವಸು ಇರಲಿ, ನೆಲದ ತುಂಬಾ ಮೊಳೆ ಇರುತ್ತವೆ. ಗ್ಯಾಸ್ ವಾಸನೆ ಬಂದರೆ ದೂರ ಸರಿ. ಆಮೇಲಿನ ವಾರದಲ್ಲೂ ಒಂದು ದಿನ ಹೋಗು, ಚಾವಣಿಗೆ ಟಾರ್ಪಾಲು ಕಟ್ಟುವವರ ಜೊತೆ ನಿಲ್ಲು. ಹಳೇ ಬಟ್ಟೆಯ ಮೂಟೆ ಒಯ್ಯಬೇಡ. ಅದು ಎಲ್ಲರೂ ಕೊಡುತ್ತಾರೆ, ವಿಂಗಡಿಸಲು ಜನ ಸಿಗುವುದಿಲ್ಲ.

2011ರಲ್ಲಿ ನಾನು ಕಂಡ ಒಳ್ಳೆಯದೆಲ್ಲ ಆ ವಾರಗಳಲ್ಲಿ ಕಂಡದ್ದು. ಆಬರ್ನ್ ಮತ್ತು ಅಲಬಾಮಾ ಫುಟ್‌ಬಾಲ್ ತಂಡಗಳ ಹಗೆತನ ನಿನಗೆ ಗೊತ್ತಿರಬೇಕು. ಕೆಲವೇ ತಿಂಗಳ ಹಿಂದೆ ಅಲಬಾಮಾ ಅಭಿಮಾನಿಯೊಬ್ಬ ಆಬರ್ನ್‌ನ ಹಳೇ ಓಕ್ ಮರಗಳಿಗೆ ವಿಷ ಹಾಕಿದ್ದ. ಅದೇ ಮರಗಳ ಮೂಲೆಯ ಹೆಸರಿಟ್ಟುಕೊಂಡು ಆಬರ್ನ್ ಅಭಿಮಾನಿಗಳು ಟಸ್ಕಲೂಸಾಗೆ ನೆರವು ಹೊತ್ತು ಬಂದರು. ಫಿಲ್ ಕ್ಯಾಂಬೆಲ್ ಊರಿಗೆ ಬೇರೆ ಬೇರೆ ದೇಶಗಳಿಂದ ಫಿಲ್ ಕ್ಯಾಂಬೆಲ್ ಅನ್ನುವ ಹೆಸರಿನವರೇ ಬಂದು ಕೆಲಸ ಮಾಡಿದರು. ಗಾಳಿ ಹೊತ್ತು ತಂದು ಅಂಗಳದಲ್ಲಿ ಉದುರಿಸಿದ ಫೋಟೊಗಳನ್ನು ಉತ್ತರ ಅಲಬಾಮಾದ ಒಬ್ಬ ಹೆಂಗಸು ಫೇಸ್‌ಬುಕ್ಕಿನಲ್ಲಿ ಹಾಕತೊಡಗಿದಳು. ಸಾವಿರಾರು ಜನ ಸೇರಿಕೊಂಡರು. ಸತ್ತವರ ಮದುವೆ ಫೋಟೊ, ಮಕ್ಕಳ ಫೋಟೊ ವಾರಸುದಾರರಿಗೆ ಸಿಕ್ಕವು. ನಿನ್ನಂಥ ಹುಚ್ಚರಿಗೆ ಇಷ್ಟವಾಗುವ ವಿಷಯವೂ ಇದರಲ್ಲಿದೆ. ಜಾರ್ಜಿಯಾ ವಿಶ್ವವಿದ್ಯಾಲಯದವರು ಆ ಪೇಜನ್ನೇ ದತ್ತಾಂಶ ಮಾಡಿಕೊಂಡು ಯಾವ ವಸ್ತು ಎಲ್ಲಿಂದ ಎಲ್ಲಿಗೆ ಹಾರಿತು ಅಂತ ಲೆಕ್ಕ ಹಾಕಿದರು. ಒಂದು ಫೋಟೊ ಸುಮಾರು 350 ಕಿಲೋಮೀಟರ್ ಹೋಗಿತ್ತು. ನೋಡು, ಒಳ್ಳೆ ವಿಜ್ಞಾನ ಹುಟ್ಟಿದ್ದು ಮರುದಿನ ಜನ ಮಾಡಿದ ಕೆಲಸದಿಂದ.

ರೇಟಿಂಗ್ ಜಗಳವನ್ನೂ ಇದೇ ಕಣ್ಣಿನಿಂದ ನೋಡು. 2013ರಲ್ಲಿ ಓಕ್ಲಹೋಮಾದ ಮೂರ್ ಊರಿಗೆ ಬಡಿದ ಗಾಳಿಯ ನಂತರ 12 ವರ್ಷ ಒಂದೂ ಇಎಫ್5, ಅಂದರೆ ಅತಿ ಮೇಲಿನ ದರ್ಜೆ, ಸಿಗಲಿಲ್ಲ ಅಂತ ನಿಮ್ಮವರು ಕೊರಗಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ. 2025ರ ಜೂನ್‌ನಲ್ಲಿ ನಾರ್ತ್ ಡಕೋಟಾದ ಎಂಡರ್ಲಿನ್ ಹತ್ತಿರ ಬಡಿದ ಗಾಳಿಗೆ ಕೊನೆಗೂ ಆ ದರ್ಜೆ ಕೊಟ್ಟಾಗ ಹಬ್ಬದ ಹಾಗೆ ಮಾಡಿದರು. ಅಲ್ಲಿ ಮೂವರು ಸತ್ತಿದ್ದರು. ಎಲ್ ರೀನೋದಲ್ಲಿ ರಾಡಾರ್ ಗಂಟೆಗೆ 300 ಮೈಲಿಗೆ ಹತ್ತಿರದ ಗಾಳಿ ಕಂಡರೂ ಕೊನೆಗೆ ಸಿಕ್ಕಿದ್ದು ಇಎಫ್3, ಯಾಕೆಂದರೆ ಅದು ಹೆಚ್ಚಾಗಿ ಹೊಲಗಳ ಮೇಲೆ ಹೋಯಿತು. ದರ್ಜೆ ಕೊಡುವುದು ಹಾನಿಗೆ. ಸರ್ವೇ ಮಾಡುವವರು ಗೋಡೆಯನ್ನು ಅಡಿಪಾಯಕ್ಕೆ ಕಟ್ಟಿದ ಬೋಲ್ಟ್ ಇತ್ತೋ ಇಲ್ಲವೋ ಅಂತ ಬಗ್ಗಿ ನೋಡುತ್ತಾರೆ. ಸಾಧ್ಯವಾದರೆ ಯಾವತ್ತಾದರೂ ಅಂಥವರ ಜೊತೆ ಒಂದು ಬೀದಿ ನಡೆದು ಬಾ.

ಬೇಸಿಗೆಗೆ ನಿಮ್ಮಪ್ಪ ಅಮ್ಮ ಬರುತ್ತಾರೆ ಅಂದೆಯಲ್ಲ. ನೀನು ಕ್ಲಾಸಿಗೆ ಹೋದಾಗ ಸೈರನ್ ಆದರೆ ಅವರು ನೋಡೋಣ ಅಂತ ಬಾಲ್ಕನಿಗೆ ಬರುವವರು. ನೀನಿರುವುದು ಎರಡನೇ ಮಹಡಿ, ನೆಲಮಾಳಿಗೆ ಇಲ್ಲ. ಕೆಳಗಿನ ಮನೆಯವರ ಹತ್ತಿರ ಈಗಲೇ ಮಾತಾಡಿಡು. ಟಿವಿಯಲ್ಲಿ ಹೆಚ್ಚಾಗಿ ಕೌಂಟಿಯ, ಅಂದರೆ ಜಿಲ್ಲೆಯಂಥದ್ದರ, ಹೆಸರು ಹೇಳುತ್ತಾರೆ. ನಿಮ್ಮದು ಕ್ಲೀವ್‌ಲ್ಯಾಂಡ್ ಕೌಂಟಿ, ಪಶ್ಚಿಮಕ್ಕೆ ಮೆಕ್ಲೇನ್. ಕನ್ನಡದಲ್ಲೇ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸು.

ವೆದರ್ ರೇಡಿಯೋ ಒಂದು ಕಳಿಸಿದ್ದೇನೆ, ಬ್ಯಾಟರಿ ಹಾಕಿ ಇಡು. ಹೊರಡುವ ಮೊದಲು ಯಾರು ಓಡಿಸುತ್ತಾರೆ, ಯಾರು ರಾಡಾರ್ ನೋಡುತ್ತಾರೆ, ರಾತ್ರಿ ಎಲ್ಲಿ ತಂಗುತ್ತೀರಿ ಅಂತ ನನಗೆ ಬರೆದು ತಿಳಿಸು. ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ