ಟಿ. ರೆಕ್ಸ್ ಓಡಿದ್ರೆ ಅದರ ಕಾಲೇ ಮುರೀತಿತ್ತು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಮಕ್ಕಳ ಪುಟದಲ್ಲಿ ಟಿ. ರೆಕ್ಸ್ ಡೈನೋಸಾರ್ ಗಂಟೆಗೆ 70 ಕಿಲೋಮೀಟರ್ ಸ್ಪೀಡಲ್ಲಿ ಓಡ್ತಿತ್ತು ಅಂತ ಹಾಕಿದ್ರಿ. ನನ್ನ ಮಗಳು ಐದನೇ ಕ್ಲಾಸು, ಓದಿದ ತಕ್ಷಣ "ಅಪ್ಪಾ, ಅದು ಸತ್ತು ಕೋಟಿಗಟ್ಲೆ ವರ್ಷ ಆಯ್ತಲ್ಲ, ಸ್ಪೀಡು ಯಾರು ನೋಡಿದ್ರು?" ಅಂತ ಕೇಳಿದ್ಲು. ಇದಕ್ಕೆ ಲೇಖನದಲ್ಲಿ ಒಂದು ಸಾಲೂ ಉತ್ತರ ಇರ್ಲಿಲ್ಲ, ಮೇಲಾಗಿ ಆ ನಂಬರೇ ಹಳೇದು, ಅದಕ್ಕೇ ಬರೀತಿದೀನಿ.

2002ರಲ್ಲಿ ಜಾನ್ ಹಚಿನ್ಸನ್ ಮತ್ತೆ ಮರಿಯಾನೊ ಗಾರ್ಸಿಯಾ ಅನ್ನೋ ವಿಜ್ಞಾನಿಗಳು ಇದನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ರು. ಅಷ್ಟು ಜೋರಾಗಿ ಓಡ್ಬೇಕಂದ್ರೆ ಕಾಲಲ್ಲಿ ಎಷ್ಟು ಸ್ನಾಯು ಬೇಕು ಅನ್ನೋದು ಅವರ ಪ್ರಶ್ನೆ. ಉತ್ತರ ಬಂದಿದ್ದು ಒಂದೊಂದು ಕಾಲಿಗೂ ಮೈತೂಕದ 43%, ಎರಡಕ್ಕೂ ಸೇರಿ 86%, ಇನ್ನು ತಲೆ, ಹೊಟ್ಟೆ, ಬಾಲ ಎಲ್ಲ ಉಳಿದ 14ರಲ್ಲೇ ಮುಗೀಬೇಕು, ಆಗೋ ಮಾತಾ ಅದು? ಅವರು ಕೋಳಿನೂ ಇದೇ ಲೆಕ್ಕಕ್ಕೆ ಹಾಕಿ ನೋಡಿದ್ರು. ಮಾಮೂಲಿ ಕೋಳಿ ಆರಾಮಾಗಿ ಓಡುತ್ತೆ, ಅದನ್ನೇ 6000 ಕೆಜಿಗೆ ದೊಡ್ಡದು ಮಾಡಿದ್ರೆ ಒಂದು ಕಾಲಿಗೇ ಮೈತೂಕದ 99% ಸ್ನಾಯು ಬೇಕಾಗುತ್ತೆ! ಉದ್ದ ಎರಡು ಪಟ್ಟಾದ್ರೆ ತೂಕ ಎಂಟು ಪಟ್ಟಾಗುತ್ತೆ, ಆದ್ರೆ ಮೂಳೆ, ಸ್ನಾಯುಗಳನ್ನ ಅಡ್ಡ ಕತ್ತರಿಸಿದ್ರೆ ಕಾಣೋ ವಿಸ್ತೀರ್ಣ ನಾಲ್ಕೇ ಪಟ್ಟು, ಅವುಗಳ ಬಲ ಇರೋದು ಅದರ ಮೇಲೇ, ಇಷ್ಟು ಹೇಳಿದ್ರೆ ಮಕ್ಕಳಿಗೆ ಖಂಡಿತ ಅರ್ಥ ಆಗುತ್ತೆ, ನನ್ನ ಮಗಳಿಗೆ ಸಕ್ಕರೆ ಕ್ಯೂಬ್ ಜೋಡಿಸಿ ತೋರ್ಸಿದೆ, ಐದು ನಿಮಿಷ ಸಾಕಾಯ್ತು.

ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಕಥೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯೂನಿವರ್ಸಿಟಿಯ ವಿಜ್ಞಾನಿ ಬಿಲ್ ಸೆಲ್ಲರ್ಸ್ 2007ರಲ್ಲಿ ಕಂಪ್ಯೂಟರ್ ಮಾಡೆಲ್ ಓಡಿಸಿ ಟಿ. ರೆಕ್ಸ್ ಸೆಕೆಂಡಿಗೆ 8 ಮೀಟರ್, ಅಂದ್ರೆ ಗಂಟೆಗೆ ಸುಮಾರು 29 ಕಿಲೋಮೀಟರ್ ಓಡಬಲ್ಲದು ಅಂದಿದ್ರು. ಹತ್ತು ವರ್ಷ ಆದ್ಮೇಲೆ 2017ರಲ್ಲಿ ಅವರೇ, ತಮ್ಮ ತಂಡದ ಜೊತೆ, ಮೂಳೆ ಮೇಲೆ ಬೀಳೋ ಒತ್ತಡಾನೂ ಸೇರಿಸಿ ಮತ್ತೆ ಲೆಕ್ಕ ಮಾಡಿದ್ರು. ಓಡಿದ್ರೆ ಮೂಳೆ ತಡ್ಕೊಳಲ್ಲ, ಅದು ಜೋರಾಗಿ ನಡೀತಿತ್ತು ಅಷ್ಟೆ ಅಂತ ಬಂತು. ತಮ್ಮದೇ ಉತ್ತರಾನ ತಾವೇ ತಿದ್ದಿದ್ರು ನೋಡಿ, ಇದನ್ನ ಮಕ್ಕಳಿಗೆ ಹೇಳ್ಬೇಕು ಸಾರ್.

ನಾನು ಪೀಣ್ಯದಲ್ಲಿ ಗಾಡಿ ಪಾರ್ಟ್ಸ್ ಡಿಸೈನ್ ಮಾಡೋನು. ಒಂದು ಬ್ರಾಕೆಟ್ ಎಷ್ಟು ಲೋಡ್ ತಡೆಯುತ್ತೆ ಅಂತ ನೋಡೋಕೆ ಅದನ್ನ ಕಂಪ್ಯೂಟರಲ್ಲಿ ಸಾವಿರಾರು ಪುಟ್ಟ ತುಂಡು ಮಾಡಿ, ಮೆಶ್ ಅಂತೀವಿ, ಪ್ರತಿ ತುಂಡಿನ ಮೇಲೆ ಬೀಳೋ ಒತ್ತಡ ನೋಡ್ತೀವಿ. ಇದೇ ವಿಧಾನದಲ್ಲಿ ಎಮಿಲಿ ರೇಫೀಲ್ಡ್ ಅನ್ನೋ ವಿಜ್ಞಾನಿ 2001ರಲ್ಲಿ ಅಲೋಸಾರಸ್ ಅನ್ನೋ ಇನ್ನೊಂದು ಡೈನೋಸಾರಿನ ತಲೆಬುರುಡೆನ ಸಿಟಿ ಸ್ಕ್ಯಾನ್ ಮಾಡಿ ಪರೀಕ್ಷೆ ಮಾಡಿದ್ರು, ಅದರ ಕಚ್ಚೋ ಬಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹೊಡೆತ ಬುರುಡೆ ತಡೀತಿತ್ತು ಅಂತ ಗೊತ್ತಾಯ್ತು. ಆದ್ರೆ ನನ್ನ ಬ್ರಾಕೆಟ್ ಕೈಲಿದೆ, ಡೌಟ್ ಬಂದ್ರೆ ಮುರಿದು ನೋಡಬಹುದು, ಅವರಿಗೆ ಆ ಅನುಕೂಲ ಇಲ್ಲ. ಸ್ನಾಯು ಸಾಮಾನ್ಯವಾಗಿ ಕಲ್ಲಾಗಿ ಉಳ್ಯಲ್ಲ. ಮೂಳೆ ಮೇಲೆ ಅದು ಅಂಟಿದ್ದ ಗುರುತು ಹುಡುಕಿ, ಇವತ್ತಿನ ಮೊಸಳೆ, ಹಕ್ಕಿಗಳ ಸ್ನಾಯು ನೋಡಿ ಅಂದಾಜು ಮಾಡ್ಬೇಕು. ಅಂದಾಜು ಬದಲಾದ್ರೆ ಉತ್ತರಾನೂ ಬದಲಾಗುತ್ತೆ. ಅದಕ್ಕೇ ಇಂಥ ವಿಷಯ ಹಾಕುವಾಗ ಒಂದೇ ನಂಬರ್ ಕೊಟ್ಟು ಬಿಡ್ಬೇಡಿ, ಯಾರು, ಯಾವ ವರ್ಷ, ಏನನ್ನ ಲೆಕ್ಕಕ್ಕೆ ಹಿಡಿದ್ರು ಅನ್ನೋದನ್ನೂ ಎರಡು ಸಾಲಲ್ಲಿ ಬರೀರಿ.

ಆ 70 ಕಿಲೋಮೀಟರನ್ನ ಮುಂದಿನ ಭಾನುವಾರ ಅದೇ ಪುಟದಲ್ಲಿ, ಮಕ್ಕಳ ಕಣ್ಣಿಗೆ ಬೀಳೋ ಜಾಗದಲ್ಲೇ ತಿದ್ದಿ ಹಾಕಿ. ಮಗಳು ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿದಾಳೆ, ತಿದ್ದಿದ್ದು ಬಂದ್ರೆ ಅದನ್ನೂ ಪಕ್ಕಕ್ಕೆ ಅಂಟಿಸ್ತೀನಿ ಅಂತ ಕಾಯ್ತಿದಾಳೆ.

ಇಂತಿ,
ಒಬ್ಬ ಓದುಗ, ಬೆಂಗಳೂರು