ಕೋವಿಯ ಮರಕ್ಕೆ ಎಣ್ಣೆ, ವಾರ್ನಿಶ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್‌ಪೋದ್‌ಗೆ ಕೋವಿ ಹೊರಗೆ ಬರುತ್ತದೆ, ಅಲ್ವಾ? ಆಗ ಒರೆಸಿ ಪೂಜೆಗೆ ಇಡಿ, ಸಾಕು. ಮಳೆಗಾಲದಲ್ಲಿ ಮರ ತೇವ ಕುಡಿದಿರುತ್ತದೆ. ಆಗಲೇ ವಾರ್ನಿಶ್ ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಸುಗ್ಗಿ ಹಬ್ಬ ಪುತ್ತರಿ ಕಳೆದು ಹವೆ ಒಣಗಿದ ಮೇಲೆ ಮಾಡಿ. ಗುಂಡು ಇಲ್ಲವೆಂದು ಮೊದಲು ನೋಡಿಕೊಳ್ಳಿ.

ಸುಮ್ನೆ ಹೊರಗೆ ಮಿಂಚಿಸಿದರೆ ಸಾಲದು. ನೀರು ಜಾಸ್ತಿ ಹೀರುವುದು ಕೋವಿಯ ಹಿಂತುದಿಯಲ್ಲಿ ಹೆಗಲಿಗೆ ತಾಗುವ ಪಟ್ಟಿಯ ಕೆಳಗಿನ ಅಡ್ಡ ಕೊಯ್ದ ಮರ. ನಳಿಗೆ ಕೂರುವ ಕುಳಿಯೂ ಅಷ್ಟೇ. ಅಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ತಪ್ಪುತ್ತದೆ. ಬರೀ ಅಗಸೆ ಎಣ್ಣೆ ತೇವದ ಗಾಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಈ ಜಾಗಗಳಿಗೂ ಪಾಲಿಯುರೆಥೇನ್ ವಾರ್ನಿಶ್ ತೆಳ್ಳಗೆ ಎರಡು ಮೂರು ಸಲ ಹಚ್ಚಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.